ಕುಸುಬಿ ಹೂವಿನ ಬಣ್ಣದ ಫ್ರೇಮು

ಅಕ್ಕಲಕೋಟ ರಸ್ತೆಯ ಮೇಲೆ ಸೋಮೇಶನನ್ನು ಹಿಂದೆ ಹಾಕಿದವರಿರಲಿಲ್ಲ. ಎಸ್‌ಟಿ ಬಸ್ಸು ಹಾಕಿರಬಹುದು, ಕಬ್ಬಿನ ಟ್ರ್ಯಾಕ್ಟರು ಹಾಕಿರಬಹುದು. ಸೈಕಲ್ಲಿನವನು? ಅಂಥವನು ಇನ್ನೂ ಹುಟ್ಟಬೇಕಿತ್ತು.

ಹುಟ್ಟಿದ್ದಳು.

ಆ ರವಿವಾರ ಬೆಳಿಗ್ಗೆ ವಳಸಂಗ ಇನ್ನೇನು ಬಂತು ಎನ್ನುವಾಗ ಬೆನ್ನ ಹಿಂದೆ ‘ಗುಂಯ್’ ಎಂಬ ಸದ್ದು. ಜೇನು ಎದ್ದಿದೆ ಎಂದುಕೊಂಡು ಸೋಮೇಶ ತಲೆ ತಗ್ಗಿಸಿದ. ಜೇನು ಅವನ ಬಲಗಡೆಯಿಂದ ದಾಟಿ ಹೋಯಿತು. ಅಂಗೈಯಗಲದ ರಿಮ್ಮಿನ ಎರಡು ಕಪ್ಪು ಗಾಲಿ, ಹೆಲ್ಮೆಟ್ಟಿನ ಕೆಳಗೆ ಕುಣಿಯುವ ಒಂದು ಜಡೆ. ದಾಟುವಾಗ ಜಡೆಯವಳು ಹೊರಳಿ ನೋಡಿದಳು. ನಕ್ಕಳೆಂದು ಆಣೆ ಮಾಡಿ ಹೇಳಲಾಗದು. ಒಂದು ಹುಬ್ಬು ಮಾತ್ರ ಕೂದಲೆಳೆಯಷ್ಟು ಮೇಲೆ ಹೋಗಿತ್ತು.

ಅಷ್ಟು ಸಾಕಾಯಿತು. ಸೋಮೇಶನಿಗೆ ಸಿಟ್ಟು ಬರಲು ಅಷ್ಟೂ ಬೇಕಾಗುತ್ತಿರಲಿಲ್ಲ. ಒಂಬತ್ತನೇ ಇಯತ್ತೆಯಲ್ಲಿ ಮಾಸ್ತರರು “ನಿನ್ನ ತಲ್ಯಾಗ ಬರೇ ಮಣ್ಣ ಅದ” ಎಂದಾಗ, “ಆ ಮಣ್ಣಾಗ ಬೆಳದದ್ದೇ ನೀವು ಉಣ್ಣೂದ್ರಿ” ಎಂದು ಹೇಳಿ, ದಫ್ತರವನ್ನು ಬಾಕಿನ ಮೇಲೇ ಬಿಟ್ಟು ಎದ್ದು ಬಂದವನು ಮತ್ತೆ ಸಾಲಿಯ ಮೆಟ್ಟಿಲು ಹತ್ತಿರಲಿಲ್ಲ. ಅಂದಿನಿಂದ ಸಿಟ್ಟು ಬಂದಾಗಲೆಲ್ಲ ಅಪ್ಪನ ಕಬ್ಬಿಣದ ಸೈಕಲ್ಲು ಹತ್ತಿ ತನ್ನೂರು ಕುರನೂರಿನ ಡ್ಯಾಮಿನ ಏರಿಯ ಮೇಲೆ ತುಳಿಯುತ್ತಿದ್ದ. ಸಿಟ್ಟು ದಿನಾಲೂ ಬರುತ್ತಿತ್ತು. ಹಾಗಾಗಿ ಕಾಲುಗಳು ಉಕ್ಕಾಗಿದ್ದವು.

ಆ ಉಕ್ಕಿನ ಕಾಲುಗಳಿಂದ ಈಗ ಪ್ರಾಣ ಒತ್ತೆಯಿಟ್ಟು ತುಳಿದ. ಜಡೆ ಸಣ್ಣದಾಗುತ್ತ ಹೋಯಿತು.

ವಳಸಂಗದಲ್ಲಿ ಖಂಡಪ್ಪನ ಚಹಾದ ಹೋಟೆಲು. ರವಿವಾರ ಸೊಲ್ಲಾಪುರದ ಸೈಕಲ್ ಮಂದಿ ಅಲ್ಲಿಯವರೆಗೆ ಬಂದು ಚಹಾ ಕುಡಿದು ಹೊರಳುವುದು ರೂಢಿ. ಸೋಮೇಶ ಏದುಸಿರು ಬಿಡುತ್ತ ಬಂದು ಇಳಿದಾಗ, ಅಂದು ಅಕ್ಕಲಕೋಟದವರೆಗೂ ಹೋಗಿ ಹೊರಳಿದ್ದ ಆ ಹುಡುಗಿ ಬಾಕಿನ ಮೇಲೆ ಕುಳಿತು ಚಹಾ ಊದಿ ಊದಿ ಕುಡಿಯುತ್ತಿದ್ದಳು.

“ಆ ಗಾಲಿಗಿ ಮೋಟರ್ ಹಚ್ಚೀರೇನ್ರಿ?” ಎಂದ.

“ಹೂಂ, ಹಚ್ಚೀನಿ. ಎರಡ ಅವ.” ತನ್ನ ಎರಡೂ ಮೊಣಕಾಲು ತೋರಿಸಿದಳು.

ಖಂಡಪ್ಪ ಸೋಸುತ್ತಿದ್ದ ಚಹಾ ಚೆಲ್ಲುವಂತೆ ನಕ್ಕ. ಸೋಮೇಶನ ಕಿವಿ ಕೆಂಪಾದವು.

“ಮೊದ್ಲ ನಿಮ್ಮ ಚೈನಿಗಿ ಎಣ್ಣಿ ಬಿಡ್ರಿ,” ಎಂದಳು ಅವಳು. “ಕಿರ್ ಕಿರ್, ಕಿರ್ ಕಿರ್. ನೀವು ಅಕ್ಕಲಕೋಟ ಬಿಟ್ರ ಹೋಟಗಿ ಟೇಶನ್ನಿಗಿ ಕೇಳಸ್ತದ.”

ಬೈಯಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ಅವಳು, “ಕಬ್ಬಿಣ ಅಲ್ಲಿದು, ಕಾರ್ಬನ್. ಎತ್ತಿ ನೋಡ್ರಿ ಬೇಕಾರ,” ಎಂದು ತನ್ನ ಸೈಕಲ್ಲಿನಿಂದ ಮುಂದಿನ ಗಾಲಿ ಬಿಚ್ಚಿ ಅವನ ಮುಂದೆ ಹಿಡಿದಳು. ಸೋಮೇಶ ಭಾರ ಹೊರುವವನಂತೆ ಎರಡೂ ಕೈ ಚಾಚಿದ. ಗಾಲಿ ಕೈಗೆ ಬಂತೋ ಇಲ್ಲವೋ ತಿಳಿಯಲಿಲ್ಲ. ಒಂದು ಬೆರಳಿಗೆ ತೂಗು ಹಾಕಿದ. ತೂಗಿತು. ಇನ್ನೊಂದು ಕೈಯಿಂದ ತಿರುವಿದ. ತಿರುಗಿತು, ತಿರುಗಿತು, ತಿರುಗುತ್ತಲೇ ಇತ್ತು.

ಸಿಟ್ಟು ಎತ್ತಲೋ ಹೋಯಿತು. ಅದರ ಜಾಗದಲ್ಲಿ ಬಂದದ್ದಕ್ಕೆ ಅವನ ಬಳಿ ಹೆಸರಿರಲಿಲ್ಲ.

“ಎಷ್ಟ ಲಾಖ ಕೊಟ್ರಿ?”

“ಲಾಖ ಕೊಡಾಕ ನಮ್ಮಪ್ಪಗೇನು ಹುಚ್ಚ ಹಿಡದದೇನ್ರಿ? ಸೀದಾ ಚೀನಾದ ಕಾರಖಾನಿದಿಂದ ತರಿಸೀನಿ. ನಡಬರಕ ದುಕಾನದಾಂವ ಇಲ್ಲ, ದೊಡ್ಡ ಹೆಸರಿಲ್ಲ. ಹೆಸರಿಂದೇ ರೊಕ್ಕ ತಗೋತಾರ್ರಿ ಮಂದಿ.”

“ಮೋಸ ಮಾಡಿದ್ರ?”

“ಮಾಡ್ತಾರ. ಅದಕ್ಕ ಹುಡುಕ್ಬೇಕು. ತಗೊಂಡವರ್ನ ಕೇಳ್ಬೇಕು, ಮುರಿಯೋ ತನಕ ಟೆಸ್ಟ್ ಮಾಡಿದ ವಿಡಿಯೋ ಬೇಡಬೇಕು.” ಗಾಲಿಯನ್ನು ಅವನ ಕೈಯಿಂದ ಮರಳಿ ತೆಗೆದುಕೊಂಡಳು. ಬೆರಳಿಗೆ ಬೆರಳು ತಾಕಿತು. “ನನಗೂ ಈಗ ಹೊಸಾ ಕಾರ್ಬನ್ ಫ್ರೇಮ್ ಬೇಕಾಗ್ಯದ. ಇಬ್ಬರದೂ ಒಂದೇ ಪಾರ್ಸಲಿನ್ಯಾಗ ಬಂದ್ರ ಕಿರಾಯಿ ಉಳೀತದ. ವಿಚಾರ ಮಾಡ್ರಿ.”

ವಿಚಾರ ಮಾಡುವ ಅಭ್ಯಾಸ ಸೋಮೇಶನಿಗೆ ಇರಲಿಲ್ಲ. “ಹೂಂ ಅಂದೀನಿ,” ಎಂದುಬಿಟ್ಟ. ಹೆಸರು ಕೇಳಿದ್ದು ಆಮೇಲೆ. ಸ್ನೇಹಲ. ಸೊಲ್ಲಾಪುರ ಬಾಳಿವೇಸಿನ ಚಾದರಿನ ವ್ಯಾಪಾರಿ ರಾಚಪ್ಪನವರ ಮಗಳು.

ಮನೆಗೆ ಬಂದವನೇ ಅಜ್ಜಿ ಗುರಮ್ಮನ ಮುಂದೆ ಸಿಡಿದ. “ಆಯಿ, ಸೊಲ್ಲಾಪುರದಾಕಿ ಒಬ್ಬಾಕಿ ನನಗ ಎಣ್ಣಿ ಬಿಡು ಅಂತಾಳ! ನನಗ!”

“ಖರೇ ಅದ ಅಲ್ಲೋ ಮಗಾ,” ಎಂದಳು ಗುರಮ್ಮ ಜೋಳ ಹಸನು ಮಾಡುತ್ತ. “ಶ್ಯಾಣೇ ಅದಾಳ ಹುಡುಗಿ.”

*

ಕುಸುಬಿ ಮಾರಿದ ದುಡ್ಡು ಕೈಯಲ್ಲಿತ್ತು. ಸೋಮೇಶ ಬಾಳಿವೇಸಿಗೆ ಹೋದ.

ಅಂಗಡಿಯ ಹಿಂದಿನ ಗೋದಾಮಿನಲ್ಲಿ ಆಳೆತ್ತರ ಚಾದರುಗಳ ಥಪ್ಪಿ, ಹೊಸ ನೂಲಿನ ವಾಸನೆ. ಅಂಗಡಿಯ ಯಂತ್ರಕ್ಕೆ ಬೇಕಾದ ಸೂಜಿ, ಬಿಡಿಭಾಗಗಳನ್ನು ಸ್ನೇಹಲ ಮೊದಲಿನಿಂದಲೂ ಚೀನಾದಿಂದಲೇ ತರಿಸುತ್ತಿದ್ದಳು. ಸೈಕಲ್ಲಿನ ಕಾರಖಾನೆ ಹುಡುಕಿದ್ದೂ ಅದೇ ಚಟದಿಂದ. ಅಲ್ಲಿ ಸಿಂಡಿ ಎಂಬ ಹುಡುಗಿಯೊಬ್ಬಳು ಫೋನಿನಲ್ಲಿ ಉತ್ತರ ಕೊಡುತ್ತಿದ್ದಳು. ಪ್ರತಿ ಮಾತಿಗೂ ‘ಡಿಯರ್ ಫ್ರೆಂಡ್’.

“ಡಿಯರ್ ಫ್ರೆಂಡ್, ದಿಸ್ ಈಸ್ ಬೆಸ್ಟ್ ಪ್ರೈಸ್,” ಎಂದು ಸಿಂಡಿ ಬರೆದಳು. ಸ್ನೇಹಲ ಓದಿ ಹೇಳಿದಳು.

“ಹಂಗಾರ ಕೊಟ್ಟಬಿಡ್ರಿ,” ಎಂದ ಸೋಮೇಶ.

“ಹುಚ್ಚರಿದ್ದೀರೇನು? ಮೊದಲ್ನೇ ರೇಟಿಗಿ ತಗೊಂಡೆ ಅಂದ್ರ ಅಪ್ಪ ನನಗ ಮನಿ ಒಳಗ ಕರ್ಕೊಳ್ಳಾಂಗಿಲ್ಲ.” ಟಕಟಕ ಬರೆದಳು: “ಡಿಯರ್ ಸಿಸ್ಟರ್, ಲಾಸ್ಟ್ ಪ್ರೈಸ್?” ಅಳುವ ಮುಖದ ಚಿತ್ರವೊಂದನ್ನು ಹಚ್ಚಿ ಕಳಿಸಿದಳು. ಚೀನಾದಿಂದ ಎರಡು ಅಳುವ ಮುಖ ಮರಳಿ ಬಂದವು. ಬಾಳಿವೇಸಿನಿಂದ ಕೈ ಮುಗಿದ ಚಿತ್ರ ಹೋಯಿತು. ಹೀಗೇ ಘಾಸಾಘೀಸ ನಡೆದು, ಕೊನೆಗೆ ರೇಟು ಇಳಿಯಿತು. ಮೇಲೆ ಎರಡು ಬಾಟಲಿ ಸ್ಟ್ಯಾಂಡೂ ಫುಕಟ್ ಬಂದವು.

“ಈಗ ಮಾಪು,” ಎಂದು ಸ್ನೇಹಲ ಚಾದರು ಅಳೆಯುವ ಟೇಪು ತೆಗೆದಳು. “ಫ್ರೇಮಿನ ಸೈಜ್ ಚುಕಿದ್ರ ಎಲ್ಲಾ ಚುಕ್ತದ. ಕೈ ಚಾಚ್ರಿ.”

ಸೋಮೇಶ ಗೋಡೆಗೆ ಒರಗಿ ಕೈ ಚಾಚಿದ. ಅವಳು ಹೆಗಲಿನಿಂದ ಮಣಿಕಟ್ಟಿನವರೆಗೆ ಟೇಪು ಹಿಡಿದಳು. ಜಡೆಯ ತುದಿ ಅವನ ಮೊಣಕೈಗೆ ತಾಗಿತು.

“ಉಸರ ಆಡಸ್ರಿ. ನಾ ಕೈ ಅಳ್ಯಾಕತ್ತೀನಿ, ಜೀವ ತಗ್ಯಾಕತ್ತಿಲ್ಲ.”

ಕಾಲಿನ ಮಾಪು ಬಂದಾಗ ಅವನು ಟೇಪು ಕಿತ್ತುಕೊಂಡು ಚಾದರಿನ ಥಪ್ಪಿಯ ಹಿಂದೆ ಓಡಿದ. ಅಲ್ಲಿಂದಲೇ ಅಂಕಿ ಕೂಗಿ ಹೇಳಿದ. ಈಚೆ ಅವಳು ಬಾಯಿಗೆ ಓಢಣಿ ಒತ್ತಿಕೊಂಡು ನಗುತ್ತಿದ್ದದ್ದು ಅವನಿಗೆ ಕೇಳಿಸಿತು.

“ಬಣ್ಣ ಯಾವುದು ಅಂತ ಕೇಳ್ಯಾಳ ಸಿಂಡಿ.”

ಸೋಮೇಶ ಫೋನಿನಲ್ಲಿ ಹುಡುಕಿ ಒಂದು ಫೋಟೋ ತೋರಿಸಿದ. ಹೋದ ಚಳಿಗಾಲದಲ್ಲಿ ಹೊಲದ ಬದುವಿನ ಮೇಲೆ ಕುಳಿತು ತೆಗೆದದ್ದು. ಕುಸುಬಿ ಹೂವು. ಹಳದಿಯೆಂದರೆ ಹಳದಿಯಲ್ಲ, ಕೆಂಪೆಂದರೆ ಕೆಂಪಲ್ಲ. ಒಲೆಯಲ್ಲಿ ಕೆಂಡ ಆರುವ ಮೊದಲಿನ ಬಣ್ಣ.

ಸ್ನೇಹಲ ಬಹಳ ಹೊತ್ತು ನೋಡಿದಳು. “ನಿಮಗ ಬರೋಬರ್ ಅದ. ಮುಟ್ಟಿದ್ರ ಚುಚ್ಚತದ.”

“ಹೂವ ಚುಚ್ಚೂದಿಲ್ರಿ. ಮುಳ್ಳ ಎಲಿಗಿ ಇರ್ತಾವ. ಹೊಲಾ ನೋಡೀರೇನು ಎಂದಾರ?”

“ತೋರಸ್ರಿ. ನೋಡ್ತೀನಿ.”

ಹೇಳಿದವಳು ತಟ್ಟನೆ ಫೋನಿನ ಕಡೆ ಮುಖ ತಿರುಗಿಸಿದಳು. ಕೆನ್ನೆಯ ಮೇಲೂ ಅದೇ ಕುಸುಬಿ ಬಣ್ಣ.

ಆಮೇಲೆ ಕಾಯುವ ದಿನಗಳು. ಸೋಮೇಶನಿಗೆ ನಿದ್ದೆಯಲ್ಲೂ ಪಾರ್ಸಲು. “ಹಡಗ ಏರ್ಯಾದೇನ್ರಿ?” ಎಂದು ಮುಂಜಾನೆ ಫೋನು. “ಮುಂಬೈ ಮುಟ್ಯಾದೇನ್ರಿ?” ಎಂದು ಸಂಜೆ ಫೋನು. ಬರಬರುತ್ತ ಪಾರ್ಸಲಿನ ಮಾತು ಮೊದಲ ನಿಮಿಷಕ್ಕೇ ಮುಗಿಯತೊಡಗಿತು. ಫೋನು ಮಾತ್ರ ಮುಗಿಯುತ್ತಿರಲಿಲ್ಲ. ಉಳಿದ ಹೊತ್ತು ಏನು ಮಾತಾಡಿದೆವು ಎಂದು ಕೇಳಿದರೆ ಇಬ್ಬರಿಗೂ ಹೇಳಲು ಬರುತ್ತಿರಲಿಲ್ಲ.

ದಸರೆಗೆ ವಾರವಿರುವಾಗ ಉದ್ದನೆಯ ಎರಡು ಡಬ್ಬಿ ಗೋದಾಮಿಗೆ ಬಂದವು.

ಮೊದಲ ಡಬ್ಬಿಯಿಂದ ಕುಸುಬಿ ಹೂವು ಹೊರಬಂತು. ಕಿಟಕಿಯ ಬಿಸಿಲು ಬಿದ್ದದ್ದೇ ತಡ, ಫ್ರೇಮು ಹೊತ್ತಿಕೊಂಡಂತಾಯಿತು. ಸೋಮೇಶ ಎದೆಗವುಚಿಕೊಂಡು ಗೋದಾಮಿನಲ್ಲಿ ಒಂದು ಸುತ್ತು ಕುಣಿದ. ಎರಡನೆಯ ಡಬ್ಬಿ ಸ್ನೇಹಲಳದು. ತನ್ನ ಬಣ್ಣ ಯಾವುದೆಂದು ಅವಳು ಇಲ್ಲಿಯವರೆಗೆ ಬಾಯಿ ಬಿಟ್ಟಿರಲಿಲ್ಲ. ಸುತ್ತಿದ ಹಾಳೆ ಬಿಚ್ಚಿದರೆ ಒಳಗೆ ಹಸಿರು. ಕಡು ಹಸಿರು. ಕುಸುಬಿ ಎಲೆಯ ಹಸಿರು.

ಸೋಮೇಶ ಕುಣಿಯುವುದನ್ನು ನಿಲ್ಲಿಸಿದ.

“ಮುಳ್ಳ ಎಲಿಗಿ ಇರ್ತಾವ ಅಂದಿದ್ರಲ್ಲ,” ಎಂದಳು ಅವಳು, ನೆಲ ನೋಡುತ್ತ. “ಅದಕ್ಕ ಮುಳ್ಳಿಂದು ನಾ ತಗೊಂಡೆ.”

ಆ ದಿನ ಅವರು ಡಬ್ಬಿಯೊಳಗೇ ಬಂದಿದ್ದ ಗಾಲಿ, ಡಿಸ್ಕ್ ಬ್ರೇಕು ಹಚ್ಚಿ ಎರಡೂ ಸೈಕಲ್ಲು ಜೋಡಿಸಿದರು. ಅವಳು ಹೇಳುವುದು, ಅವನು ಬಿಗಿಯುವುದು. ನಟ್ಟು ಸಾಕಷ್ಟು ಬಿಗಿಯಾದಾಗ ‘ಟಕ್’ ಎನ್ನುವ ಪಾನಾ ಇತ್ತು. “ಟಕ್ ಅಂದ ಮ್ಯಾಲ ತಿರವಬ್ಯಾಡ್ರಿ, ಕಾರ್ಬನ್ ಸೀಳ್ತದ. ನಿಮ್ಮ ಟ್ರ್ಯಾಕ್ಟರ್ ಅಲ್ಲಿದು.” ಅವನು ಮೆಲ್ಲಗೆ ತಿರುವುವನು. ಟಕ್. ಇಬ್ಬರೂ ನಗುವರು. ಮತ್ತೆ ಟಕ್. ಇಷ್ಟು ಮೆತ್ತಗೆ ಅವನು ಬದುಕಿನಲ್ಲಿ ಏನನ್ನೂ ಮುಟ್ಟಿರಲಿಲ್ಲ.

ಮರುದಿನ ಬೆಳಿಗ್ಗೆ ಹೋಟಗಿಯವರೆಗೆ ಜೋಡಿಯಾಗಿ ಹೊಡೆದರು. ನಾಲ್ಕು ಗಾಲಿಗಳ ಗುಂಯ್. ಗಾಳಿ ಕಿವಿಯಲ್ಲಿ ಸೀಟಿ ಹೊಡೆಯುತ್ತಿತ್ತು. ರಸ್ತೆ ತಾನಾಗಿ ಹಿಂದಕ್ಕೆ ಓಡುತ್ತಿತ್ತು. ಈ ಸಲ ಅವಳು ಹೊರಳಿ ನೋಡಬೇಕಾಗಲಿಲ್ಲ. ಅವನು ಪಕ್ಕದಲ್ಲೇ ಇದ್ದ. ಹುಬ್ಬು ಮೇಲೆ ಹೋಯಿತು. ಈಗ ನಕ್ಕಳೆಂದು ಆಣೆ ಮಾಡಿ ಹೇಳಬಹುದಿತ್ತು.

*

ಖಂಡೇನವಮಿಯ ದಿನ ಕುರನೂರಿನ ಅಂಗಳದಲ್ಲಿ ಕುಡುಗೋಲು, ಕೊಡಲಿ, ಕುಂಟೆಯ ಕುಡ, ಟ್ರ್ಯಾಕ್ಟರು, ಎಲ್ಲದರ ನಡುವೆ ಕುಸುಬಿ ಬಣ್ಣದ ಸೈಕಲ್ಲು. ಸೋಮೇಶ ಚೆಂಡುಹೂವು ತರಲು ಅಕ್ಕಲಕೋಟಕ್ಕೆ ಹೋಗಿ ಬರುವಷ್ಟರಲ್ಲಿ ಗುರಮ್ಮ ಎಲ್ಲವನ್ನೂ ತೊಳೆದು, ಒರೆಸಿ, ಮಿರಮಿರ ಮಾಡಿ ಇಟ್ಟಿದ್ದಳು. ವಿಭೂತಿ, ಕುಂಕುಮ, ಹೂವು. ಕಾಯಿ ಒಡೆದರು. ಅವನು ಫೋಟೋ ತೆಗೆದು ಸ್ನೇಹಲಳಿಗೆ ಕಳಿಸಿದ. ಅವಳಿಂದ ಒಂದು ಹೂವಿನ ಚಿತ್ರ ಬಂತು.

ಮರುದಿನ ದಸರಾ. ಮುಂಜಾನೆ ಎಲ್ಲ ಸೈಕಲ್ ಮಂದಿ ಖಂಡಪ್ಪನ ಹೋಟೆಲಿನಲ್ಲಿ ಕೂಡುವುದೆಂದು ಮಾತಾಗಿತ್ತು. ಸೋಮೇಶ ಮನದಲ್ಲಿ ಇನ್ನೊಂದು ಮಾತು ಕಟ್ಟಿಕೊಂಡು ಹೊರಟಿದ್ದ. ಇವತ್ತು ಹೇಳಿಬಿಡಬೇಕು. ಹೇಗೆ ಎಂಬುದು ಗೊತ್ತಿರಲಿಲ್ಲ. ಊರ ಹೊರಗೆ ಬ್ರೇಕು ‘ಕೀಂಯ್’ ಎಂದು ಕಿರುಚಿತು; ಹೊಸದಲ್ಲವೇ, ಇಬ್ಬನಿ ಇರಬೇಕು ಎಂದು ಬಿಟ್ಟುಬಿಟ್ಟ. ಆಮೇಲೆ ಖಾಲಿ ರಸ್ತೆ. ಬ್ರೇಕು ಯಾರಿಗೆ ಬೇಕು?

ವಳಸಂಗದ ಮುಂಚಿನ ಇಳಿಜಾರಿನಲ್ಲಿ ತಿರುವಿನಿಂದ ಒಂದು ಎಮ್ಮೆ ಬಂತು. ಸೋಮೇಶ ಎರಡೂ ಬ್ರೇಕು ಹಿಡಿದ. ಸೈಕಲ್ಲು ಕಿರುಚಿತು. ನಿಲ್ಲಲಿಲ್ಲ. ಇನ್ನೂ ಗಟ್ಟಿ ಹಿಡಿದ. ಇನ್ನೂ ಗಟ್ಟಿ ಕಿರುಚಿತು, ಅಷ್ಟೇ. ಎಮ್ಮೆಯ ಕಣ್ಣು ಕಂಡಿತು, ಕೊಂಬು ಕಂಡಿತು, ಹ್ಯಾಂಡಲು ತಿರುವಿದ. ಮುಂದೆ ಕಂಡದ್ದು ಬರೀ ತೊಗರಿ. ತೊಗರಿಯೊಳಗೆ ಸೈಕಲ್ಲು ಒಂದು ಕಡೆ, ಅವನೊಂದು ಕಡೆ.

ಮೊಣಕೈ ತರಚಿತ್ತು, ತುಟಿಯಲ್ಲಿ ರಕ್ತವಿತ್ತು. ಎಮ್ಮೆ ಏನೂ ಆಗದಂತೆ ರಸ್ತೆ ದಾಟಿತು. ಹೋಟೆಲು ಮುಟ್ಟುವವರೆಗೂ ಸೈಕಲ್ಲು ನೂಕುತ್ತ ನಡೆದ. ಒಂದೊಂದು ಹೆಜ್ಜೆಗೂ ಸಿಟ್ಟು ಕುದ್ದು ಮೇಲೆ ಬಂತು.

ಅಲ್ಲಿ ಎಲ್ಲರೂ ಇದ್ದರು. ಗುಂಪಿನ ಹಿರಿಯ ಉದಯಕುಮಾರ ಜಿಲೇಬಿ ಹಂಚುತ್ತಿದ್ದರು. ಸ್ನೇಹಲ ಚಹಾದ ಗ್ಲಾಸು ಹಿಡಿದು ಎದ್ದು ಬಂದಳು. “ಅಯ್ಯ! ಏನಾತ್ರಿ?”

“ಏನಾತು? ಸಾಯಬೇಕಿತ್ತು, ಉಳದೀನಿ! ಇದೇ ಏನ್ ನಿನ್ನ ಟೆಸ್ಟ್ ಮಾಡಿದ ಮಾಲು? ಬ್ರೇಕ್ ಹತ್ತೂದಿಲ್ಲ! ಎಷ್ಟ ಕಮಿಷನ್ ಕೊಟ್ಲು ಆ ಚೀನಾದಾಕಿ? ವ್ಯಾಪಾರಸ್ಥರ ಮಗಳು ನೀ, ನಿನಗ ಎಲ್ಲಾ ವ್ಯಾಪಾರನ!”

ಜಿಲೇಬಿ ಹಿಡಿದ ಕೈಗಳೆಲ್ಲ ಹಾಗೇ ನಿಂತವು. ಅವಳ ಹುಬ್ಬು ಮೇಲೆ ಹೋಗಲಿಲ್ಲ. ಅರ್ಧ ಕುಡಿದ ಗ್ಲಾಸನ್ನು ಬಾಕಿನ ಮೇಲಿಟ್ಟಳು.

“ಬ್ರೇಕ್ ಬಿಚ್ಚಿ ನೋಡೀರೇನು?”

“ನೋಡೂದೇನದ!”

“ಹಂಗಾರ ನೋಡಬ್ಯಾಡ್ರಿ.”

ಹಸಿರು ಸೈಕಲ್ಲು ಹತ್ತಿದಳು. ಗುಂಯ್ ಎಂಬ ಸದ್ದು ಸೊಲ್ಲಾಪುರದ ಕಡೆ ಹೋಗಿ ತೆಳ್ಳಗಾಗಿ ಇಲ್ಲವಾಯಿತು.

“ಥೂ ನಿನ್ನ, ಹಬ್ಬದ ದಿನ,” ಎಂದ ಖಂಡಪ್ಪ ಮೆಲ್ಲಗೆ.

*

ಹಾಲಿನ ಟೆಂಪೋದಲ್ಲಿ ಸೈಕಲ್ಲು ಹಾಕಿಕೊಂಡು ಮನೆಗೆ ಬಂದ. ಗುರಮ್ಮ ಗಾಯಕ್ಕೆ ಅರಿಷಿಣ ಒತ್ತಿದಳು.

“ಹೆಂಗ ಬಿದ್ದಿಯೋ ಮಗಾ? ನಿನ್ನೆ ಇಷ್ಟ ಚಂದ ಪೂಜಿ ಮಾಡಿದ್ವಿ. ಗಾಲಿ ನಡಬರಕ ಆ ಬೆಳ್ಳಿ ತಾಟಿನಂಥಾದ್ದು ಅದ ನೋಡು, ಅದಕ್ಕ ನಾನೇ ಕುಸುಬಿ ಎಣ್ಣಿ ಹಚ್ಚಿ ತಿಕ್ಕೀನಿ. ಕುಡುಗೋಲಿಗಿ ಹಚ್ಚಿದಂಗ. ಖಂಡೇಪೂಜಿ ದಿನ ಕಬ್ಬಿಣ ಒಣಾ ಇರಬಾರದು. ಆ ಹುಡುಗಿನೂ ಎಣ್ಣಿ ಬಿಡು ಅಂದಿದ್ಲಲ್ಲ?”

ಸೋಮೇಶ ಎದ್ದ. ಬ್ರೇಕಿನ ಡಿಸ್ಕಿನ ಮೇಲೆ ಬೆರಳು ಆಡಿಸಿದ. ಮೂಗಿಗೆ ಹಿಡಿದ. ಸ್ವಂತ ಹೊಲದ ವಾಸನೆ.

ಬ್ರೇಕು ಹಿಡಿಯಬೇಕಾದ ತಾಟಿಗೇ ಎಣ್ಣೆ. ಸಿಂಡಿ ಮೋಸ ಮಾಡಿರಲಿಲ್ಲ. ಕಾರಖಾನೆ ಮಾಡಿರಲಿಲ್ಲ. ಆಯಿ? ಅವಳು ಹಬ್ಬ ಮಾಡಿದ್ದಳು. ಜೀವನದಲ್ಲಿ ಮೊದಲ ಸಲ ಅವನಿಗೆ ಸಿಟ್ಟು ಮಾಡಲು ಯಾರೂ ಸಿಗಲಿಲ್ಲ.

ವಿಷಯ ಕೇಳಿದ ಗುರಮ್ಮ ಎದೆ ಬಡಿದುಕೊಂಡಳು. “ಹಂಗಾರ ಚೂಕ ನಂದು. ಆಕಿಗಿ ಹೇಳು, ಮುದುಕಿ ಹಚ್ಚ್ಯಾಳ ಅಂತ.”

“ಎಣ್ಣಿ ಹಚ್ಚಿದಾಕಿ ನೀ, ಆಯಿ. ಬೈದಾಂವ ನಾ.”

ಫೋನು ಮಾಡಿದ. ಅವಳು ಎತ್ತಲಿಲ್ಲ. ಬರೆಯಲು ಕುಳಿತ, ಅಕ್ಷರಗಳು ಮೊದಲೇ ಅವನ ಮಾತು ಕೇಳುವವಲ್ಲ. ಕೊನೆಗೆ ಸೈಕಲ್ ಮಂದಿಯ ವಾಟ್ಸಾಪ್ ಗುಂಪಿನಲ್ಲಿ ಮೈಕಿನ ಗುರುತು ಒತ್ತಿ ಹಿಡಿದ. ಬೈದದ್ದು ಎಲ್ಲರೆದುರಿಗೆ. ಇದೂ ಎಲ್ಲರೆದುರಿಗೇ ಆಗಲಿ.

“ನಾ ಸೋಮೇಶ, ಕುರನೂರಾಂವ. ಮುಂಜಾನಿ ಖಂಡಪ್ಪನ ಹೋಟೆಲಿನ್ಯಾಗ ನಾ ಅಂದದ್ದೆಲ್ಲಾ ಸುಳ್ಳ. ಪೂಜಿಗಿ ಅಂತ ನಮ್ಮ ಮನ್ಯಾಗ ಡಿಸ್ಕಿಗಿ ಎಣ್ಣಿ ಹಚ್ಚೀವಿ. ಗಾಲಿ ಬರೋಬರ್ ಅದ, ಫ್ರೇಮ್ ಬರೋಬರ್ ಅದ, ಸ್ನೇಹಲ ಅವ್ರು ಬರೋಬರ್ ಅದಾರ. ಖರಾಬ ಇರೂದು ನನ್ನ ನಾಲಿಗಿ ಒಂದೇ. ಅದಕ್ಕ ಬ್ರೇಕ್ ಮೊದ್ಲಿಂದ್ಲೂ ಇಲ್ಲ.”

ಗುರಮ್ಮ ಬದುವಿನ ಬನ್ನಿ ಗಿಡದಿಂದ ಒಂದು ಟೊಂಗೆ ಮುರಿದು ತಂದಳು. “ತಗೊಂಡು ನಡಿ. ಬನ್ನಿ ಕೊಡಾಕ ಬಂದವ್ರಿಗಿ ಯಾರೂ ಬಾಗಲಾ ಹಾಕೂದಿಲ್ಲ. ಹೊತ್ತ ಮುಳುಗೂದ್ರಾಗ ಹೋಗಿ ಮುಟ್ಟು.”

ಹೊಸ ಸೈಕಲ್ಲಿಗೆ ಬ್ರೇಕಿಲ್ಲ. ಹಳೆಯ ಕಬ್ಬಿಣದ್ದು ಗೋಡೆಗೆ ಒರಗಿ ನಿಂತಿತ್ತು. ಹತ್ತಿದ. ಕಿರ್ ಕಿರ್, ಕಿರ್ ಕಿರ್.

ಹಾಗೆ ಅವನು ಎಂದೂ ತುಳಿದಿರಲಿಲ್ಲ. ಸಿಟ್ಟಿನಿಂದ ತುಳಿಯುವುದು ಗೊತ್ತಿತ್ತು. ಹೆದರಿಕೆಯಿಂದ ತುಳಿಯುವುದು ಇದೇ ಮೊದಲು. ಅಕ್ಕಲಕೋಟ ದಾಟಿತು. ವಳಸಂಗದಲ್ಲಿ ಖಂಡಪ್ಪ ಹೊರಗೆ ಬಂದು, “ಹೊಡಿ ಹೊಡಿ, ಕೇಳೀನಿ ನಿನ್ನ ಭಾಷಣ!” ಎಂದು ಕೂಗಿದ. ಬಿಸಿಲು ಓರೆಯಾಯಿತು. ಕಿಸೆಯಲ್ಲಿ ಬನ್ನಿ ಎಲೆಗಳು ಬೆವರಿಗೆ ಅಂಟಿಕೊಂಡವು. ಸೂರ್ಯ ಅವನೊಡನೆ ಪಣ ಕಟ್ಟಿದವನಂತೆ ಇಳಿಯುತ್ತಿದ್ದ, ಸೋಮೇಶ ಬಿಡಲಿಲ್ಲ.

ಬಾಳಿವೇಸಿನಲ್ಲಿ ದೀಪ ಹಚ್ಚುವ ಹೊತ್ತು. ಹೊಸ ಸೀರೆ, ಹೊಸ ಅಂಗಿಯ ಮಂದಿ ಮನೆಯಿಂದ ಮನೆಗೆ ಬನ್ನಿ ಕೊಡುತ್ತ ಓಡಾಡುತ್ತಿದ್ದರು. ಅಂಗಡಿಯ ಕಟ್ಟೆಯ ಮೇಲೆ ಗಾಂಧಿ ಟೋಪಿಯ ರಾಚಪ್ಪನವರು. ಮಣ್ಣು, ಬೆವರು, ಅರಿಷಿಣದ ಗಾಯದ ಹುಡುಗನನ್ನು ಮೇಲಿಂದ ಕೆಳಗೆ ನೋಡಿದರು.

“ಕುರನೂರಾಂವ ಏನೋ ನೀ?”

“ಹೌದ್ರಿ.” ಬಗ್ಗಿ ಕಾಲು ಮುಟ್ಟಿ ಬನ್ನಿ ಕೊಟ್ಟ. “ನಾ ಮುಂಜಾನಿ ನಿಮ್ಮ ಮಗಳಿಗಿ...”

“ಕೇಳೀನಿ. ನಿನ್ನ ಮುಂಜಾನಿದೂ ಕೇಳೀನಿ, ಮಧ್ಯಾಹ್ನದ್ದೂ ಕೇಳೀನಿ.” ರಾಚಪ್ಪನವರು ಮೇಲಕ್ಕೆ ಬೆರಳು ಮಾಡಿದರು. “ಇನ್ನೂ ಕೇಳಾಕತ್ತೀನಿ.”

ಮಾಳಿಗೆಯ ಮೇಲಿಂದ ಸೋಮೇಶನದೇ ಧ್ವನಿ ಇಳಿದು ಬರುತ್ತಿತ್ತು. “...ಸ್ನೇಹಲ ಅವ್ರು ಬರೋಬರ್ ಅದಾರ...” ಅಲ್ಲಿಗೆ ನಿಂತಿತು. ಮತ್ತೆ ಅದೇ. “...ಸ್ನೇಹಲ ಅವ್ರು ಬರೋಬರ್ ಅದಾರ...”

“ಮಧ್ಯಾಹ್ನದಿಂದ ಅದೇ ಹಚ್ಚ್ಯಾಳ. ನನ್ನ ಕಿವಿ ಹೋದ್ವು,” ಎಂದು ರಾಚಪ್ಪನವರು ಎದ್ದು, ಪಕ್ಕದ ಮನೆಗೆ ಬನ್ನಿ ಕೊಡಲು ಹೊರಟೇಬಿಟ್ಟರು.

ಮೆಟ್ಟಿಲ ಮೇಲೆ ಗೆಜ್ಜೆಯ ಸದ್ದು. ಸ್ನೇಹಲ ಕೊನೆಯ ಮೆಟ್ಟಿಲ ಮೇಲೆ ನಿಂತಳು. ಕುಸುಬಿ ಬಣ್ಣದ ಸೀರೆ. ಕಣ್ಣು ಅತ್ತು ಕೆಂಪಾಗಿದ್ದವು.

“ಓಣಿ ತುದಿಗಿ ಇದ್ದಾಗ್ಲೇ ಕೇಳಸ್ತು,” ಎಂದಳು. “ಇನ್ನೂ ಎಣ್ಣಿ ಬಿಟ್ಟಿಲ್ಲ ಚೈನಿಗಿ?”

“ಎಣ್ಣಿ ಮುಟ್ಟಾಕ ಅಂಜಿಕಿ ಬರ್ತದ್ರಿ ಈಗ.”

ತುಟಿಯ ತುದಿ ನಡುಗಿತು. ನಗು ಬರಗೊಡದೆ ಹಿಡಿದಳು. ಸೋಮೇಶ ಕಿಸೆಯಿಂದ ಬನ್ನಿ ತೆಗೆದ. ಎಲೆಗಳು ಬಾಡಿದ್ದವು.

“ನನಗ ಸಿಟ್ಟ ಮಾಡೂದು ಬಿಟ್ರ ಬ್ಯಾರೆ ಏನೂ ಬರೂದಿಲ್ರಿ,” ಎಂದ. “ಆದ್ರ ನೀವು ಗ್ಲಾಸ್ ಇಟ್ಟು ಹ್ವಾದ್ರಲ್ಲ, ಆಗಿಂದ ಅದೂ ಬರವಲ್ದು. ನೀವಿಲ್ದ ಆ ರಸ್ತಿ ಮ್ಯಾಲ ಸೈಕಲ್ ಹೊಡಿಯೂದು ನನ್ನ ಕೈಲಿ ಆಗೂದಿಲ್ಲ. ನೀವಂದ್ರ ನನಗ...” ಕೈ ಮುಂದೆ ಮಾಡಿದ. “ಬನ್ನಿ ತಗೊಂಡು ಬಂಗಾರದಂಗ ಇರೋಣ.”

ಸ್ನೇಹಲ ಎಲೆ ತೆಗೆದುಕೊಂಡಳು. ಎಲೆಯೊಡನೆ ಅವನ ಬೆರಳುಗಳನ್ನೂ.

“ಬಂಗಾರ ಬ್ಯಾಡ, ಸೋಮೇಶ. ಭಾಳ ವಜ್ಜಾ ಆಗ್ತದ.” ಮಾತಿನ ತುದಿಯಲ್ಲಿ ‘ರಿ’ ಇರಲಿಲ್ಲ. “ಕಾರ್ಬನ್ನಿನಂಗ ಇರೋಣ. ಹಗುರ, ಗಟ್ಟಿ.”

“ಕಾರ್ಬನ್ ಜಾಸ್ತಿ ಬಿಗದ್ರ ಸೀಳ್ತದ ಅಂದಿದ್ರಿ.”

“ಹಂಗಾರ ಬಿಗಿಯೂವಾಗ ಕಿವಿಗೊಟ್ಟ ಕೇಳು.”

ಅವನ ಕೈಯನ್ನು ಮೆಲ್ಲಗೆ, ಬಹಳ ಮೆಲ್ಲಗೆ ಒತ್ತಿದಳು. ಹುಬ್ಬು ಕೂದಲೆಳೆಯಷ್ಟು ಮೇಲೆ ಹೋಯಿತು.

“ಟಕ್,” ಎಂದಳು.